108ಕ್ಕೆ ಯಾವಾಗ ಕರೆ ಮಾಡಬೇಕು, ಮಾಡಿದಾಗ ಏನು ಹೇಳಬೇಕು

ಎದೆ ನೋವು ಅಂದ ತಕ್ಷಣ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು ‘ಗ್ಯಾಸ್ಟ್ರಿಕ್ ಇರಬೇಕು ಬಿಡಿ’. ಒಬ್ಬರು ಜೀರಿಗೆ ನೀರು ಕಾಯಿಸುತ್ತಾರೆ, ಇನ್ನೊಬ್ಬರು ಸೋಡಾ ತರಲು ಓಡುತ್ತಾರೆ, ಮತ್ತೊಬ್ಬರು ಬೆನ್ನು ತಿಕ್ಕುತ್ತಾ ಕೂರುತ್ತಾರೆ. ಅಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಹಾರ್ಟ್ ಅಟ್ಯಾಕ್ ಆಗಿದ್ದರೆ ಎಲ್ಲಕ್ಕಿಂತ ಬೆಲೆಬಾಳುವುದು ಆ ಮೊದಲ ಗಂಟೆಯೇ. ಎದೆ ಹಿಂಡಿದ ಹಾಗೆ ಆಗುತ್ತಿದೆಯಾ, ನೋವು ಎಡಗೈಗೋ ದವಡೆಗೋ ಹರಿಯುತ್ತಿದೆಯಾ, ತಣ್ಣನೆ ಬೆವರು ಬರುತ್ತಿದೆಯಾ, ಕೂಡಲೇ 108. ಸಕ್ಕರೆ ಕಾಯಿಲೆ ಇರುವವರಿಗೆ ಕೆಲವೊಮ್ಮೆ ನೋವೇ ಇರುವುದಿಲ್ಲ, ಬರೀ ಸುಸ್ತು, ಬೆವರು, ಏದುಸಿರು ಅಷ್ಟೆ. ಅದು ಗ್ಯಾಸ್ ಆಗಿದ್ದರೆ ಒಳ್ಳೆಯದೇ, ಆದರೆ ಆ ಮಾತನ್ನು ಇಸಿಜಿ ನೋಡಿದ ಡಾಕ್ಟರ್ ಹೇಳಲಿ.

ಲಕ್ವ ಹೊಡೆದಾಗಲೂ ಹೀಗೇ. ಬಾಯಿ ಒಂದು ಕಡೆ ವಾಲುತ್ತದೆ, ಎರಡೂ ಕೈ ಎತ್ತಿ ಅಂದರೆ ಒಂದು ಕೈ ಕೆಳಗೆ ಬೀಳುತ್ತದೆ, ಮಾತು ತೊದಲುತ್ತದೆ. ಇದರಲ್ಲಿ ಒಂದು ಕಂಡರೂ ಸಾಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹಾಗಾಗಿ ‘ಬೆಳಗ್ಗೆ ನೋಡೋಣ’ ಅನ್ನುವ ಮಾತೇ ಬೇಡ. ಎಷ್ಟು ಗಂಟೆಯವರೆಗೆ ಚೆನ್ನಾಗಿದ್ದರು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದನ್ನು.

ಪ್ರಜ್ಞೆ ತಪ್ಪಿದರೆ, ಫಿಟ್ಸ್ ಐದು ನಿಮಿಷವಾದರೂ ನಿಲ್ಲದಿದ್ದರೆ, ರಕ್ತ ಸುರಿಯುತ್ತಲೇ ಇದ್ದರೆ, ವಿಷ ಕುಡಿದಿದ್ದರೆ, ಹಾವು ಕಚ್ಚಿದ್ದರೆ, ಬಸುರಿಗೆ ರಕ್ತ ಹೋಗುತ್ತಿದ್ದರೆ ಯೋಚಿಸುತ್ತಾ ಕೂರಬೇಡಿ. ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟುವುದು, ಬ್ಲೇಡಿನಲ್ಲಿ ಕುಯ್ಯುವುದು, ನಾಟಿ ಔಷಧಿ ಹುಡುಕುವುದು ಯಾವುದೂ ಬೇಡ. ಕೈಯೋ ಕಾಲೋ ಅಲುಗಾಡದ ಹಾಗೆ ಇಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ, ವಿಷ ಇಳಿಸುವ ಇಂಜೆಕ್ಷನ್ ಇರುವುದು ಅಲ್ಲೇ.

ಇನ್ನು ನಂಬರ್‌ಗಳು. 108 ಆಂಬುಲೆನ್ಸ್‌ಗೆ, ದುಡ್ಡು ಕೊಡಬೇಕಿಲ್ಲ. 2008ರಿಂದ ‘ಆರೋಗ್ಯ ಕವಚ’ದ ಹೆಸರಲ್ಲಿ ನಮ್ಮ ರಾಜ್ಯದಲ್ಲಿ ಓಡುತ್ತಿದೆ. 112 ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ. ಫೋನ್ ಲಾಕ್ ಆಗಿದ್ದರೂ ಎಮರ್ಜೆನ್ಸಿ ಕಾಲ್ ಒತ್ತಿ 112 ಹೊಡೆಯಬಹುದು. 108 ಬಿಜಿ ಬಂದರೆ ಅದನ್ನೇ ಒತ್ತುತ್ತಾ ನಿಲ್ಲಬೇಡಿ, 112ಕ್ಕೆ ಮಾಡಿ. ನ್ಯಾಷನಲ್ ಹೈವೇಯಲ್ಲಿ ಆಕ್ಸಿಡೆಂಟ್ ಆದರೆ 1033 ಕೂಡ ಇದೆ. ಕರೆಂಟ್ ವೈರ್ ತುಂಡಾಗಿ ಬಿದ್ದಿದ್ದರೆ ದೂರ ನಿಂತು 1912ಕ್ಕೆ ತಿಳಿಸಿ. ಸಿಲಿಂಡರ್ ಗ್ಯಾಸ್ ಸೋರಿದರೆ 1906, ಆದರೆ ಮೊದಲು ಮನೆಯಿಂದ ಹೊರಗೆ ಬನ್ನಿ, ಸ್ವಿಚ್ ಹಾಕುವುದೂ ಬೇಡ ಆರಿಸುವುದೂ ಬೇಡ, ಫೋನ್ ಹೊರಗೆ ಬಂದ ಮೇಲೆ.

ಈಗ ಮುಖ್ಯವಾದ ಮಾತು. ಕರೆ ಎತ್ತಿದ ಕೂಡಲೇ ಹೆಚ್ಚಿನವರು ಏನಾಯಿತು ಅನ್ನುವ ಕಥೆ ಶುರು ಮಾಡುತ್ತಾರೆ. ಮೊದಲು ಎಲ್ಲಿ ಅನ್ನುವುದನ್ನು ಹೇಳಿ. ನಡುವೆ ಲೈನ್ ಕಟ್ ಆದರೂ ಜಾಗ ಗೊತ್ತಿದ್ದರೆ ಗಾಡಿ ಕಳಿಸಬಹುದು, ಬರೀ ಕಾಯಿಲೆ ಗೊತ್ತಿದ್ದರೆ ಎಲ್ಲಿಗೆ ಕಳಿಸುತ್ತಾರೆ? ಕರೆ ಎತ್ತುವವರು ನಿಮ್ಮ ಊರಿನವರಲ್ಲ ಅನ್ನುವುದೂ ನೆನಪಿರಲಿ. ‘ಹೊಸಹಳ್ಳಿ, ಬಸ್‌ಸ್ಟ್ಯಾಂಡ್ ಹತ್ತಿರ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ಕರ್ನಾಟಕದಲ್ಲಿ ಹೊಸಹಳ್ಳಿಗಳಿಗೆ ಲೆಕ್ಕವುಂಟಾ? ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಆಮೇಲೆ ಗುರುತು, ಈ ಕ್ರಮದಲ್ಲಿ ಹೇಳಿ. ಹೀಗೆ:

‘ಮಂಡ್ಯ ಜಿಲ್ಲೆ, ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆ ಹೋಬಳಿ, ಹೊಸಹಳ್ಳಿ. ಡೈರಿ ಪಕ್ಕದ ಹಸಿರು ಗೇಟಿನ ಮನೆ. ನಮ್ಮ ತಂದೆಗೆ ಅರವತ್ತೈದು ವರ್ಷ, ಎದೆ ನೋವು ಬಂದು ಅರ್ಧ ಗಂಟೆ ಆಯಿತು, ಪ್ರಜ್ಞೆ ಇದೆ, ತುಂಬಾ ಬೆವರುತ್ತಿದ್ದಾರೆ.’

ಇಷ್ಟು ಸಾಕು. ಬೆಂಗಳೂರಿನಲ್ಲಾದರೆ ಬಡಾವಣೆ, ಮೇನ್, ಕ್ರಾಸ್ ಮೂರೂ ಬೇಕು, ಯಾಕೆಂದರೆ ‘ಐದನೇ ಕ್ರಾಸ್’ ಪ್ರತಿ ಬಡಾವಣೆಯಲ್ಲೂ ಇರುತ್ತದೆ. ಹೈವೇಯಲ್ಲಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಊರು ಮತ್ತು ಅಂಕಿ ಓದಿ, ನೀವು ಯಾವ ಕಡೆಗೆ ಹೋಗುವ ರಸ್ತೆಯಲ್ಲಿದ್ದೀರಿ ಅಂತಲೂ ಹೇಳಿ. ಮಧ್ಯೆ ಡಿವೈಡರ್ ಇದ್ದರೆ ಆ ಕಡೆ ಬಂದ ಗಾಡಿ ಎಷ್ಟೋ ದೂರ ಸುತ್ತಿಕೊಂಡು ಬರಬೇಕಾಗುತ್ತದೆ.

ಅವರೇ ಇಡುವವರೆಗೆ ಫೋನ್ ಇಡಬೇಡಿ. ಪ್ರಶ್ನೆ ಜಾಸ್ತಿ ಕೇಳುತ್ತಾರೆ ಅಂತ ರೇಗಬೇಡಿ, ಎಂಥ ಗಾಡಿ ಕಳಿಸಬೇಕು ಅಂತ ತಿಳಿಯಲು ಅವರು ಕೇಳಲೇಬೇಕು. ಸ್ಪೀಕರ್‌ಗೆ ಹಾಕಿ, ಕೈ ಖಾಲಿ ಇರುತ್ತದೆ. ಉಸಿರೇ ಇಲ್ಲ ಅಂದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಜೋರಾಗಿ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೂ ನಿಲ್ಲಿಸದೆ. ಸುಸ್ತಾದರೆ ಇನ್ನೊಬ್ಬರ ಕೈಗೆ ಕೊಡಿ. ಆಮೇಲೆ ಡ್ರೈವರ್ ಫೋನ್ ಮಾಡುತ್ತಾರೆ, ಗೊತ್ತಿಲ್ಲದ ನಂಬರ್ ಅಂತ ಕಟ್ ಮಾಡಬೇಡಿ, ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ. ಒಬ್ಬರು ಮುಖ್ಯರಸ್ತೆಗೆ ಹೋಗಿ ಟಾರ್ಚ್ ಹಿಡಿದು ನಿಲ್ಲಲಿ. ಮಲೆನಾಡಿನ ಒಂಟಿ ಮನೆಗಳಿಗೆ ಇದು ಬಹಳ ಮುಖ್ಯ, ಅಲ್ವಾ? ಅಲ್ಲಿ ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತಿರಲಿ. ತಗೊಳ್ಳುತ್ತಿರುವ ಮಾತ್ರೆ, ಹಳೆಯ ಚೀಟಿ ಒಂದು ಕವರಿಗೆ ಹಾಕಿಕೊಳ್ಳಿ.

ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಕೇಸು ಸುತ್ತಿಕೊಳ್ಳುತ್ತದೆ ಅನ್ನುವ ಹೆದರಿಕೆ ಇನ್ನೂ ಹೋಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ, ಹೆಸರು ಹೇಳಲೇಬೇಕು ಅಂತ ನಿಮ್ಮನ್ನು ಒತ್ತಾಯಿಸುವ ಹಾಗಿಲ್ಲ. ಕತ್ತು ಬೆನ್ನಿಗೆ ಪೆಟ್ಟು ಬಿದ್ದ ಹಾಗಿದ್ದರೆ ಮಾತ್ರ, ಬೆಂಕಿಯಂಥ ಅಪಾಯ ಇಲ್ಲದಿದ್ದರೆ, ಎಳೆದು ಎತ್ತಿ ಆಟೋಗೆ ಹಾಕಬೇಡಿ.

ಗಾಡಿ ತುಂಬಾ ದೂರದಲ್ಲಿದೆ ಅಂದರೆ ಅವರನ್ನೇ ಕೇಳಿ, ನಮ್ಮ ಕಾರಿನಲ್ಲಿ ಹೊರಡಬಹುದಾ, ದಾರಿಯಲ್ಲಿ ಎಲ್ಲಿ ಸಿಗುತ್ತೀರಿ ಅಂತ. ಹಾಗೆ ಹೊರಟುಬಿಟ್ಟರೆ ಮತ್ತೆ 108ಕ್ಕೆ ಮಾಡಿ ಬೇಡ ಅಂತ ಹೇಳಿ, ಆ ಗಾಡಿ ಇನ್ನೊಬ್ಬರ ಮನೆಗೆ ಹೋಗಲಿ.