ಹಾಲಿನ ಲೆಕ್ಕದ ಪುಸ್ತಕ ಮಗನ ಕೈಗೆ ಕೊಟ್ಟ ಮೇಲೆ

ನನ್ನ ಮಗ ಪ್ರಥಮ ಪಿಯುಸಿ ಕಾಮರ್ಸ್ ಮುಗಿಸಿದ. ಲೆಕ್ಕಶಾಸ್ತ್ರದಲ್ಲಿ 91. ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 11 ತೆಗೆದ ಹುಡುಗ ಇವನೇ. ನಡುವೆ ಏನು ಮಾಡಿದೆ ಅಂತ ನೆಂಟರು, ಡೈರಿಗೆ ಹಾಲು ತರುವ ಹೆಂಗಸರು ಎಲ್ಲರೂ ಕೇಳುತ್ತಿದ್ದಾರೆ. "ಹುಡುಗನ ಕೈಗೆ ದುಡ್ಡು ಕೊಟ್ಟು ಹಾಳು ಮಾಡ್ತಾ ಇದ್ದೀಯ ಕಣವ್ವ" ಅಂತ ಅವತ್ತು ಅಂದವರೇ ಇವತ್ತು ಕೇಳುತ್ತಿರುವುದು. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ, ಅದರಲ್ಲಿ ತೆಂಗು, ಮಳೆ ಬಂದರೆ ರಾಗಿ, ಕೊಟ್ಟಿಗೆಯಲ್ಲಿ ಮೂರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು. ಡೈರಿಯಲ್ಲಿ ಸದಸ್ಯತ್ವ ಇರುವುದು ನನ್ನ ಹೆಸರಿನಲ್ಲಿ. ಮನೆಯಲ್ಲಿ ಯಜಮಾನರು, ಅತ್ತೆ, ಮಗ, ಅವನಿಗಿಂತ ಮೂರು ವರ್ಷ ಚಿಕ್ಕವಳು ಮಗಳು. ಹದಿನಾಲ್ಕು ಹದಿನೈದರ ಮಕ್ಕಳು ಹೇಗಿರುತ್ತಾರೆ ಅನ್ನುವುದನ್ನು ಅಂಥವರನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ನಾನು ಹೇಳಬೇಕಾಗಿಲ್ಲ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳುತ್ತೇನೆ. ಎಂಟನೇ ಕ್ಲಾಸಿನಲ್ಲಿ ಪಟ್ಟಣದ ಒಂದು ಟ್ಯೂಷನ್ನಿಗೆ ಹಾಕಿದೆವು, ವರ್ಷಕ್ಕೆ 14 ಸಾವಿರ. ಎರಡು ತಿಂಗಳಾದ ಮೇಲೆ ಗೊತ್ತಾಯಿತು, ಇವನು ಬಸ್ಸಿಳಿದು ನೇರ ಕ್ರಿಕೆಟ್ ಆಡುವ ಮೈದಾನಕ್ಕೆ ಹೋಗುತ್ತಿದ್ದ. ಆಮೇಲೆ ಟ್ಯಾಬಿನಲ್ಲಿ ಪಾಠ ಹೇಳಿಕೊಡುವ ಕಂಪನಿಯವನೊಬ್ಬ ಮನೆಗೇ ಬಂದು ಒಂದು ಗಂಟೆ ಕೂತು ಮಾತಾಡಿದ. ಸುಮಾರು 32 ಸಾವಿರ, ತಿಂಗಳ ಕಂತಿನ ಮೇಲೆ. ಪಾಠ ಪೂರ್ತಿ ಇಂಗ್ಲಿಷಿನಲ್ಲಿ, ಇವನು ಓದುತ್ತಿದ್ದುದು ಕನ್ನಡ ಮಾಧ್ಯಮದಲ್ಲಿ. ವಾಪಸ್ ತಗೊಳ್ಳಿ ಅಂತ ಎಷ್ಟು ಸಲ ಫೋನ್ ಮಾಡಿದೆನೋ. ಪಾಠ ನಿಂತರೂ ಕಂತು ನಿಲ್ಲಲಿಲ್ಲ. ಎರಡೂ ಸೇರಿ ಹತ್ತಿರ ಹತ್ತಿರ 46 ಸಾವಿರ. ಇನ್ನೊಂದು ಹತ್ತು ಸಾವಿರ ಹಾಕಿದ್ದರೆ ಒಳ್ಳೆ ಪಡ್ಡೆ ಹಸು ಕೊಟ್ಟಿಗೆಗೆ ಬರುತ್ತಿತ್ತು.

ಫೋನ್ ಕಿತ್ತುಕೊಂಡೆ. ಮೈದುನನ ಮಗನ ಫೋನ್ ಹಿಡಿದ. ಪಾಸ್‌ವರ್ಡ್ ಹಾಕಿದೆ. ಎರಡೇ ದಿನದಲ್ಲಿ ತೆಗೆದ. ಒಂದು ರಾತ್ರಿ ಕೋಪ ತಡೆಯಲಾರದೆ ಹಸು ಕಟ್ಟುವ ಹಗ್ಗದಲ್ಲೇ ಹೊಡೆದುಬಿಟ್ಟೆ. ಅವನು ಅಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿ ಇಲ್ಲ, ಸಂಜೆ ನನ್ನ ತವರಿನಿಂದ ಅಣ್ಣ ಫೋನ್ ಮಾಡಿದರು. ಎರಡು ದಿನ ಬಿಟ್ಟು ಬಂದ, ಆದರೆ ಮುಂದಿನ ನಾಲ್ಕು ತಿಂಗಳು ನನ್ನ ಜೊತೆ "ಹೂಂ", "ಇಲ್ಲ" ಬಿಟ್ಟು ಮೂರನೇ ಮಾತಿಲ್ಲ. ಅವನ ಬೆನ್ನ ಮೇಲಿನ ಬಾಸುಂಡೆ ಇನ್ನೂ ನನ್ನ ಕಣ್ಣಲ್ಲೇ ಇದೆ.

2023ರ ಡಿಸೆಂಬರಿನಲ್ಲಿ ನನಗೆ ಜ್ವರ ಬಂದು ಎಂಟು ಹತ್ತು ದಿನ ಏಳಲಾಗಲಿಲ್ಲ. ಹಾಲು ಕರೆಯುವುದನ್ನು ಯಜಮಾನರು ನೋಡಿಕೊಂಡರು, ಡೈರಿಗೆ ಕ್ಯಾನು ಒಯ್ಯುವ ಕೆಲಸ ಇವನಿಗೆ ಬಿತ್ತು. ಬೈಕ್ ಕೊಟ್ಟು ಕಳಿಸುತ್ತೇನೆ ಅಂದರು ಅವರು. ನಾನು ಮಲಗಿದ್ದಲ್ಲಿಂದಲೇ ಬೇಡ ಅಂದೆ. ಹದಿನೆಂಟು ತುಂಬದವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ 25 ಸಾವಿರ ದಂಡ, ಜೊತೆಗೆ ತಂದೆ ತಾಯಿಗೆ ಜೈಲು ಅಂತ 2019ರಿಂದ ಕಾನೂನೇ ಇದೆ. ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಹೋದ. ಐದನೇ ದಿನವೋ ಆರನೇ ದಿನವೋ ಹಾಲಿನ ಫ್ಯಾಟು, ಅಂದರೆ ಕೊಬ್ಬಿನ ಅಂಶ ಬರೆದ ಡೈರಿಯ ಚೀಟಿ ಹಿಡಿದುಕೊಂಡು ಬಂದು ನನ್ನ ಹಾಸಿಗೆ ಪಕ್ಕ ನಿಂತ. "ಅಮ್ಮ, ಬೆಳಿಗ್ಗೆ ಫ್ಯಾಟು 3.6 ಬಂತು, ಸಂಜೆ 4.1. ಹಸು ಅವೇ, ಮೇವು ಅದೇ. ಯಾಕಿಂಗೆ?"

ನಾಲ್ಕು ತಿಂಗಳಿನಿಂದ ಮಾತಾಡದ ಮಗ ಪ್ರಶ್ನೆ ಕೇಳುತ್ತಿದ್ದಾನೆ. ನನಗೆ ಉತ್ತರ ಗೊತ್ತಿತ್ತು. ಬೆಳಿಗ್ಗೆಯಿಂದ ಸಂಜೆಗೆ ಅಂತರ ಕಡಿಮೆ, ಹಾಲು ಕಡಿಮೆ, ಅದಕ್ಕೇ ಸಂಜೆಯ ಹಾಲು ಗಟ್ಟಿ. ಹೇಳಲಿಲ್ಲ. "ಒಂದು ತಿಂಗಳು ಬರೆದಿಟ್ಟು ನೋಡು, ನಿನಗೇ ಗೊತ್ತಾಗುತ್ತೆ" ಅಂದೆ. ತಲೆದಿಂಬಿನ ಕೆಳಗಿದ್ದ ಹಾಲಿನ ಪುಸ್ತಕ ತೆಗೆದುಕೊಟ್ಟೆ.

ಜ್ವರ ಬಿಟ್ಟ ಮೇಲೂ ಪುಸ್ತಕ ವಾಪಸ್ ಕೇಳಲಿಲ್ಲ. ಅವನೇ ಬರೆಯಬೇಕು, ಹಾಲಿನ ದುಡ್ಡು ಕೊಡುವ ಬಟವಾಡೆ ದಿನ ಅವನೇ ಡೈರಿಯಲ್ಲಿ ಸೆಕ್ರೆಟ್ರಿಯ ಲೆಕ್ಕದ ಜೊತೆ ತಾಳೆ ನೋಡಬೇಕು, ಪಟ್ಟಣದಿಂದ ಬೂಸಾ, ಹಿಂಡಿ ತರುವುದೂ ಅವನೇ. ಖರ್ಚು ಕಳೆದು ಉಳಿದದ್ದರಲ್ಲಿ ಅವನಿಗೊಂದು ಪಾಲು. ಕೂಲಿ ಅಂತ ಕೊಡಬೇಡಿ. ಕೂಲಿ ಕೊಟ್ಟರೆ ಹಸು ಉಪವಾಸ ಬಿದ್ದರೂ ಅವನಿಗೆ ಅಷ್ಟೇ ಬರುತ್ತದೆ. ಪಾಲು ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯ ಲೆಕ್ಕ ನಿಮ್ಮ ಮನೆಗೆ ಹೊಂದುವುದಿಲ್ಲ, ಮತ್ತೆ ಆ ಅಂಕಿಗೆ ಬರಲು ನನಗೆ ಏಳೆಂಟು ತಿಂಗಳು ಹಿಡಿದಿದೆ. ಬ್ಯಾಂಕಿನಲ್ಲಿ ಅವನ ಹೆಸರಿನಲ್ಲೇ ಖಾತೆ ಮಾಡಿಸಿದೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ನಡೆಸುವ ಖಾತೆಗೆ 2014ರಿಂದಲೇ ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಇದು ನಮ್ಮ ಊರಲ್ಲಿ ತುಂಬ ಜನಕ್ಕೆ ಗೊತ್ತೇ ಇಲ್ಲ.

ಓದಿನ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ ಅಂತ ಮಾತು ಕೊಟ್ಟೆ. ಇದನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಟೀಚರ್ ಆಗಿರುವ ನನ್ನ ಅಣ್ಣ ಫೋನ್ ಮಾಡಿ "ನಿನಗೆ ತಲೆ ಕೆಟ್ಟಿದೆಯಾ, ಹತ್ತನೇ ಕ್ಲಾಸಿಗೆ ಬರೋ ಹುಡುಗನ್ನ ಸಗಣಿ ಬಾಚೋಕೆ ಹಚ್ಚಿದ್ದೀಯಲ್ಲ" ಅಂದ. ಅತ್ತೆ ದಿನಾ ಅನ್ನುತ್ತಿದ್ದರು, "ಗಂಡುಡುಗನ ಕೈಲಿ ದುಡ್ಡು ಓಡಾಡಬಾರದು ಕಣವ್ವ."

ಅವರ ಮಾತು ನಿಜವಾಗುವ ಹಾಗೇ ಆಯಿತು ಮೊದಲು. ಎರಡನೇ ಪಾಲು ಬಂದ ದಿನವೇ 2,300 ಕೊಟ್ಟು ಶೂ ತಂದ. ಬಾಯಿ ಬಿಗಿಹಿಡಿದು ಸುಮ್ಮನಾದೆ, ಅದು ಅವನ ದುಡ್ಡು. ಮೇ ತಿಂಗಳಿನಲ್ಲಿ ನಾನೇ ಅಂಗಡಿಗೆ ಹೋದಾಗ ಗೊತ್ತಾಯಿತು, ಬೂಸಾ ಮೂಟೆ 1,100. ಪುಸ್ತಕದಲ್ಲಿ 1,150 ಅಂತ ಇತ್ತು. ತಿಂಗಳಿಗೆ ನಾಲ್ಕು ಮೂಟೆ, ಮೂರು ತಿಂಗಳು, 600 ರೂಪಾಯಿ. ನನ್ನ ಮಗ ನನಗೇ ಸುಳ್ಳು ಲೆಕ್ಕ ಬರೆದಿದ್ದ. ಮನೆಗೆ ಬರುವ ದಾರಿಯುದ್ದಕ್ಕೂ ಕಣ್ಣಲ್ಲಿ ನೀರು. ಪುಸ್ತಕ ಕಿತ್ತುಕೊಂಡು ಎಲ್ಲ ಇಲ್ಲಿಗೇ ಮುಗಿಸೋಣ ಅಂತಲೇ ಮನೆ ತಲುಪಿದೆ.

ಅವತ್ತು ರಾತ್ರಿ ನಾನು ಮಾಡಿದ್ದನ್ನು ಯಜಮಾನರೂ ಒಪ್ಪಲಿಲ್ಲ. ನಾನು ಬೂಸಾದ ಮಾತೇ ಎತ್ತಲಿಲ್ಲ. ಗಾದ್ರೆಜ್ ಬೀರುವಿನ ಒಳಖಾನೆಯಿಂದ ಒಡವೆ ಅಡವಿಟ್ಟ ಚೀಟಿ ತೆಗೆದು ಅವನ ಮುಂದೆ ಇಟ್ಟೆ. 2022ರಲ್ಲಿ ಬೋರು ಕೊರೆಸಲು ನನ್ನ ಎರಡೆಳೆ ಸರ, ಎರಡು ಬಳೆ ಇಟ್ಟು 1,40,000 ತಂದಿದ್ದೆವು. ಬೋರಲ್ಲಿ ನೀರು ಬೀಳಲಿಲ್ಲ. ಅತ್ತೆಗೇ ಗೊತ್ತಿರಲಿಲ್ಲ, ಒಡವೆ ಲಾಕರಿನಲ್ಲಿದೆ ಅಂತ ಹೇಳಿದ್ದೆವು. "ಇದು ನಾನು ಮನೆಯವರಿಗೆ ಹೇಳಿರೋ ಸುಳ್ಳು ಕಣೋ" ಅಂದೆ. ಅದಾದ ಮೇಲೆ ಒಂದು ಮಾತು ಹೇಳಿದೆ, ಅದು ನನ್ನ ಅವನ ಮಧ್ಯೆ ಇರಲಿ.

ಅವನು ಚೀಟಿಯನ್ನೇ ನೋಡುತ್ತಿದ್ದ. "ನೂರಕ್ಕೆ ಹನ್ನೆರಡು ಅಂದ್ರೆ ವರ್ಷಕ್ಕೆ 16,800. ತಿಂಗಳಿಗೆ 1,400 ಬರೀ ಬಡ್ಡಿನೇ" ಅಂದ. ಪೆನ್ನು ಪೇಪರ್ ಇಲ್ಲದೆ. 80ಕ್ಕೆ 11 ತೆಗೆದ ಹುಡುಗ. ಎದ್ದು ಹೋಗಿ ಮಲಗಿದ. ನಾಲ್ಕು ದಿನ ಬಿಟ್ಟು ಪುಸ್ತಕ ನೋಡಿದರೆ ಹೊಸ ಪುಟದ ಮೇಲೆ ದಪ್ಪಗೆ ಬರೆದಿದ್ದ: "ನನ್ನಿಂದ ಬಾಕಿ 600." ಮುಂದಿನ ಎರಡು ಬಟವಾಡೆಯಲ್ಲಿ ಅವನ ಪಾಲಿನಿಂದ ಮುರಿದುಕೊಂಡು ತೀರಿಸಿದ. ಆ ಬಗ್ಗೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಾಲದ ವಿಷಯ ಮಕ್ಕಳ ಕಿವಿಗೆ ಹಾಕಬಾರದು, ಓದು ಕೆಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ತಪ್ಪು. ಹದಿನೈದರ ಹುಡುಗನಿಗೆ ಮನೆಯಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ಹೇಗಿದ್ದರೂ ಗೊತ್ತಾಗಿರುತ್ತದೆ. ಏನು ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ನಾವು ಲೆಕ್ಕ ಮುಚ್ಚಿಟ್ಟುಕೊಂಡು ಅವನ ಮಾರ್ಕ್ಸ್ ಕಾರ್ಡ್ ಮಾತ್ರ ಬಿಚ್ಚಿ ನೋಡಿದರೆ ಅವನು ನಮ್ಮನ್ನು ಯಾಕೆ ನಂಬಬೇಕು?

ಆಮೇಲಿನದು ಬೇಗ ಬೇಗ ನಡೆಯಿತು. ಒಂದೊಂದು ಹಸುವಿಗೂ ಬೇರೆ ಬೇರೆ ಲೆಕ್ಕ ತೆರೆದ. ನಾನು ಹದಿನೈದು ವರ್ಷ ಹಸು ಕಟ್ಟಿದ್ದೇನೆ, ಇದನ್ನು ಮಾಡಿರಲಿಲ್ಲ. ಅತ್ತೆಯ ತವರಿನಿಂದ ಬಂದ ಗೌರಿ ಆಗ ದಿನಕ್ಕೆ ಐದು ಲೀಟರ್ ಕೊಡುತ್ತಿದ್ದಳು. ಹಾಲಿಂದ ಸುಮಾರು 175 ರೂಪಾಯಿ, ನಾಲ್ಕು ಕೆಜಿ ಫೀಡಿಗೆ 104, ಹಿಂಡಿ ಬೂಸಾಗೆ ಐವತ್ತು. ಉಳಿಯುವುದು ಇಪ್ಪತ್ತು. ಮಾರೋಣ ಅಂದ. ಅತ್ತೆ ಎರಡು ದಿನ ಊಟ ಬಿಟ್ಟರು. ಕೊನೆಗೆ ಅವನೇ ಅಜ್ಜಿ ಪಕ್ಕ ಕೂತು, ಗೌರಿಯನ್ನು ಮಾರುವುದಿಲ್ಲ, ಫೀಡನ್ನು ಹಾಲಿಗೆ ತಕ್ಕಷ್ಟೇ ಇಳಿಸುತ್ತೇನೆ ಅಂತ ಒಪ್ಪಿಸಿದ. ಮೊಮ್ಮಗ ಅಜ್ಜಿಯ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದನ್ನು ನಾನು ನೋಡಿದ್ದೇ ಅವತ್ತು. ಇನ್ನೊಂದು ಸಲ ಬಂದು ಕೇಳಿದ, "ಲೀಟರ್ ಹಾಲಿಗೆ ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಪುಸ್ತಕದಲ್ಲಿ ಎಲ್ಲಿದೆ?" ಅದು ನೇರ ನನ್ನ ಖಾತೆಗೆ, ಅದೂ ತಡವಾಗಿ ಬರುತ್ತದೆ, ಮನೆ ಖರ್ಚಿಗೆ ಹೋಗಿಬಿಡುತ್ತದೆ. ಅದಕ್ಕೂ ಒಂದು ಪುಟ ತೆರೆಸಿ ನನ್ನಿಂದ ಪಾಸ್‌ಬುಕ್ ತೋರಿಸಿಕೊಂಡ.

ಹತ್ತನೇ ಕ್ಲಾಸಿನ ಗಣಿತ ಆ ಪುಸ್ತಕದೊಳಗೆ ತಾನಾಗಿ ಬಂತು. ತಿಂಗಳ ಫ್ಯಾಟಿನ ಅಂಕಿಗಳಿಗೆ ಸರಾಸರಿ, ಮಧ್ಯಾಂಕ, ಬಹುಲಕ ಹಾಕಿದ. ಒಂದು ದಿನ ನಾನೇ ಕೇಳಿದೆ: "ಫೀಡ್ ಮೂಟೆ 1,300, ಬೂಸಾ 1,100. ಒಟ್ಟು ಒಂಬತ್ತು ಮೂಟೆಗೆ 10,900 ಆಗಿದೆ. ಯಾವುದು ಎಷ್ಟು ತಂದಿದ್ದೀವಿ ಹೇಳು." ಐದು, ನಾಲ್ಕು ಅಂತ ತಕ್ಷಣ ಅಂದು, ಆಮೇಲೆ ನಕ್ಕುಬಿಟ್ಟ. "ಅಮ್ಮ, ಇದು ಎರಡು ಚರಾಕ್ಷರದ ಸಮೀಕರಣ ಅಲ್ವಾ!" ನಾನು ಓದಿದ್ದು ಹತ್ತನೇ ಕ್ಲಾಸು. ಮಗನಿಗೆ ಲೆಕ್ಕ ಹೇಳಿಕೊಟ್ಟೆ ಅನ್ನುವ ಹೆಮ್ಮೆ ನನಗೆ ಇವತ್ತೂ ಇದೆ.

ಮಾತಿನ ಬಗ್ಗೆ ಒಂದು ಹೇಳಲೇಬೇಕು. ಎದುರಿಗೆ ಕೂರಿಸಿಕೊಂಡು ಕೇಳಿದರೆ ಈ ವಯಸ್ಸಿನವರು ಬಾಯಿ ಬಿಡುವುದಿಲ್ಲ. ಬೆಳಿಗ್ಗೆ ಐದೂವರೆಗೆ ನಾನು ಒಂದು ಹಸು ಕರೆಯುತ್ತಿದ್ದರೆ ಅವನು ಪಕ್ಕದ್ದರ ಕೆಚ್ಚಲು ತೊಳೆಯುತ್ತಿರುತ್ತಾನೆ. ನನ್ನ ಮುಖ ಅವನಿಗೆ ಕಾಣದು, ಅವನದು ನನಗೆ ಕಾಣದು. ಕ್ಲಾಸಿನ ಹುಡುಗರು ಸಿಗರೇಟು ಸೇದಲು ಕರೆದದ್ದು, ಒಬ್ಬ ಹುಡುಗಿಯ ವಿಷಯ, ಎಲ್ಲ ನನಗೆ ಗೊತ್ತಾಗಿದ್ದು ಕೊಟ್ಟಿಗೆಯಲ್ಲೇ. ಕೇಳಿಸಿಕೊಂಡು "ಹೂಂ" ಅಂದು ಹಾಲು ಕರೆಯುತ್ತಿದ್ದೆ. ಉಪದೇಶಕ್ಕೆ ಶುರು ಮಾಡಿದ ದಿನ ಅವನ ಮಾತು ಅಲ್ಲೇ ನಿಂತು ಹೋಗುತ್ತಿತ್ತು, ಇದನ್ನು ನಾಲ್ಕಾರು ಸಲ ಪರೀಕ್ಷೆ ಮಾಡಿ ನೋಡಿದ್ದೇನೆ.

ಅವನ ಪ್ರಯೋಗಗಳೆಲ್ಲ ಗೆದ್ದವು ಅಂತಲ್ಲ. ಟಾರ್ಪಾಲ್ ಹಾಸಿ, ಹಸುವಿಗೆ ಮೇವಾಗುವ ಅಜೋಲ್ಲ ಅನ್ನುವ ನೀರಿನ ಗಿಡದ ಗುಂಡಿ ಮಾಡಿದ, 1,800 ಖರ್ಚು. ಮಾರ್ಚಿನ ಬಿಸಿಲಿಗೆ ಎಲ್ಲ ಕೆಂಪಾಗಿ ಸತ್ತಿತು. ದುಡ್ಡು ಉಳಿಸಲು ಹಾಲು ಕೊಡುವ ಹಸುವಿಗೂ ಫೀಡ್ ಇಳಿಸಿ ನೋಡಿದ. ವಾರದೊಳಗೆ ಎರಡು ಲೀಟರ್ ಕಡಿಮೆಯಾಯಿತು, ಮತ್ತೆ ಏರಿಸಿದರೂ ಪೂರ್ತಿ ವಾಪಸ್ ಬರಲಿಲ್ಲ. ಎರಡಕ್ಕೂ ನಾನು ತಡೆಯಲಿಲ್ಲ. ಎರಡನೆಯದಕ್ಕೆ ತಡೆಯಬೇಕಿತ್ತು.

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1. ಉಳಿದದ್ದೆಲ್ಲ ಪಾಸು, ಗಣಿತ ಹೋಯಿತು. ಲೆಕ್ಕ ಬರುತ್ತಿತ್ತು, ಪರೀಕ್ಷೆಯಲ್ಲಿ ಬರೆಯುವ ಕ್ರಮ ಬರುತ್ತಿರಲಿಲ್ಲ. ಉತ್ತರ ಮಾತ್ರ ಬರೆದು ಹಂತಗಳನ್ನು ಬಿಟ್ಟು ಬಂದಿದ್ದ. ಪಾಠದ ವಿಷಯಕ್ಕೆ ಬಾಯಿ ಹಾಕುವುದಿಲ್ಲ ಅಂತ ನಾನು ಕೂತಿದ್ದರ ಫಲ ಅದು. ಅವನ ನೋಟ್ಸ್ ಒಂದು ಸಲವಾದರೂ ಮೇಷ್ಟ್ರಿಗೆ ತೋರಿಸಿ ಕೇಳಬೇಕಿತ್ತು. ಊರಲ್ಲಿ ಆ ವಾರ ನಾನು ಡೈರಿಗೆ ಹೋಗಲೇ ಇಲ್ಲ, ಹೋದರೆ ಏನು ಕೇಳಬೇಕಾಗುತ್ತದೆ ಅಂತ ಗೊತ್ತಿತ್ತು. ಅಣ್ಣ ಬಂದು "ಪುಸ್ತಕ ಕಿತ್ಕೊ ಮೊದಲು" ಅಂದ. ನಾನು ಕಿತ್ತುಕೊಳ್ಳುವುದಿಲ್ಲ ಅಂದೆ. ಬದಲಿಗೆ "ಅಣ್ಣ, ನೀನು ಇವನಿಗೆ ಹಂತ ಬರೆಯೋದನ್ನ ಹೇಳಿಕೊಡು, ಲೆಕ್ಕ ಬೇಡ" ಅಂತ ಕೇಳಿಕೊಂಡೆ. ಮೂರು ವಾರ ಮಾವನ ಮನೆಯಲ್ಲಿದ್ದ. ಆಗ ತಾನೇ ಏಪ್ರಿಲ್‌ನಲ್ಲಿ ಹಾಲಿನ ದರ ನಾಲ್ಕು ರೂಪಾಯಿ ಏರಿತ್ತು, ರಾತ್ರಿ ಫೋನ್ ಮಾಡಿ ನನ್ನಿಂದ ಬಟವಾಡೆ ಅಂಕಿ ಬರೆಸಿಕೊಳ್ಳುತ್ತಿದ್ದ. ಪರೀಕ್ಷೆ-2ರಲ್ಲಿ ಗಣಿತಕ್ಕೆ 61 ಬಂತು. ಒಂದೇ ವರ್ಷದಲ್ಲಿ ಮೂರು ಸಲ ಬರೆಯುವ ಅವಕಾಶ ಆ ವರ್ಷ ಇದ್ದದ್ದು ಇಂಥ ಮಕ್ಕಳಿಗೆ ದೊಡ್ಡ ಉಪಕಾರವಾಯಿತು. ಅಣ್ಣನೇ ಮೊದಲು ಫೋನ್ ಮಾಡಿದ. "ನೀನೇ ಸರಿ ಕಣಮ್ಮ" ಅಂದ.

ಬಳೆ ಎರಡೂ ಹೋದ ದೀಪಾವಳಿಗೆ ಬಿಡಿಸಿಕೊಂಡೆವು. ಅದರಲ್ಲಿ ಅವನು ಒತ್ತಾಯ ಮಾಡಿ ಹಾಕಿದ 9 ಸಾವಿರ ಇದೆ. ಸರ ಇನ್ನೂ ಅಲ್ಲೇ ಇದೆ.

ಮಗಳಿಗೆ ಇದೇ ದಾರಿ ಹಿಡಿಸಲಿಲ್ಲ. ಹಾಲಿನ ಪುಸ್ತಕ ಕೊಟ್ಟರೆ ಎರಡು ವಾರಕ್ಕೆ ತನ್ನ ಅಣ್ಣನ ಮೇಜಿನ ಮೇಲೆ ಇಟ್ಟು ಬಂದಳು, ಅವಳಿಗೆ ಹಸು ಅಂದರೆ ಆಗದು. ಅವಳಿಗೆ ಅಡುಗೆಮನೆ ಸಾಮಾನಿನ ತಿಂಗಳ ದುಡ್ಡು, ಪಟ್ಟಿ ಎರಡೂ ಕೊಟ್ಟಿದ್ದೇನೆ, ಮೂರನೇ ತಿಂಗಳು ನಡೆಯುತ್ತಿದೆ. ಮೊದಲ ತಿಂಗಳು ಎಣ್ಣೆ ಇಪ್ಪತ್ತನೇ ತಾರೀಖಿಗೇ ಮುಗಿಯಿತು, ಉಳಿದ ಹತ್ತು ದಿನ ಒಗ್ಗರಣೆ ಇಲ್ಲದ ಸಾರು ಉಂಡೆವು. ಯಜಮಾನರು ಎರಡು ಸಲ ಅಂಗಡಿಗೆ ಹೊರಟರು, ನಾನು ಬಿಡಲಿಲ್ಲ. ಈ ತಿಂಗಳು ಇಪ್ಪತ್ತಾರು ಆಗಿದೆ, ಡಬ್ಬದಲ್ಲಿ ಇನ್ನೂ ಅರ್ಧ ಲೀಟರ್ ಇದೆ.