ಆಕ್ಸಿಜನ್ ಮಷೀನ್ ಜೊತೆ ಕ್ರೂಸ್‌ಗೆ ಹೊರಡುವ ಮುನ್ನ

ಸಿಒಪಿಡಿಯಂಥ ಶ್ವಾಸಕೋಶದ ಕಾಯಿಲೆಯಿಂದ ಆಕ್ಸಿಜನ್ ಬಳಸುವವರಿಗೆ ಬೆಟ್ಟದೂರಿನ ಪ್ರವಾಸಕ್ಕಿಂತ ಹಡಗಿನ ಪ್ರವಾಸವೇ ಸಲೀಸು. ಸಮುದ್ರಮಟ್ಟದ ಗಾಳಿ, ಮಹಡಿ ಮಹಡಿಗೂ ಲಿಫ್ಟ್, ದಿನಾ ಬ್ಯಾಗ್ ಕಟ್ಟುವ ಕಾಟವಿಲ್ಲ. ಕಷ್ಟವೆಲ್ಲ ಹಡಗು ಹತ್ತುವವರೆಗೆ, ಆಮೇಲೆ ಕ್ಯಾಬಿನ್ನಿನ ಪ್ಲಗ್ ಪಾಯಿಂಟ್ ಹತ್ತಿರ. ಬೆಂಗಳೂರಿನಿಂದ ಸಿಂಗಪುರಕ್ಕೆ ಹಾರಿ ಅಲ್ಲಿ ಕ್ರೂಸ್ ಹತ್ತುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ರಮ ಹೇಳುತ್ತಿದ್ದೇವೆ.

1. ಟಿಕೆಟ್‌ಗೂ ಮೊದಲು ಡಾಕ್ಟರ ಹತ್ತಿರ ಹೋಗಿ
ಹಾರುವ ವಿಮಾನದೊಳಗಿನ ಒತ್ತಡ 8,000 ಅಡಿ ಎತ್ತರದಲ್ಲಿರುವಷ್ಟಕ್ಕೆ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಯೇ 6,330 ಅಡಿ. ಅಂಥ ವಿಮಾನದಲ್ಲಿ ಉಸಿರಾಡುವುದು, ನೆಲದ ಮೇಲೆ ಶೇ 21ರ ಬದಲು ಶೇ 15ರಷ್ಟು ಆಕ್ಸಿಜನ್ ಇರುವ ಗಾಳಿ ಎಳೆದುಕೊಂಡ ಹಾಗೆ. ಮನೆಯಲ್ಲಿ ರಾತ್ರಿ ಮಾತ್ರ ಆಕ್ಸಿಜನ್ ಬೇಕಾದವರಿಗೂ ವಿಮಾನದಲ್ಲಿ ಹಗಲೇ ಬೇಕಾಗಬಹುದು. ಕೂತಾಗ, ನಡೆಯುವಾಗ, ಮಲಗಿದಾಗ ಮತ್ತು ವಿಮಾನದಲ್ಲಿ ಎಷ್ಟೆಷ್ಟು ಬೇಕೆಂದು ಬೇರೆ ಬೇರೆಯಾಗಿ ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳಿ.

2. ಮಷೀನ್ ಮೇಲಿನ ಅಂಕಿಯನ್ನು ನಂಬಬೇಡಿ
ಹೆಚ್ಚಿನವರು ಎಡವುವುದು ಇಲ್ಲೇ. ಹೆಗಲಿಗೆ ತೂಗುಹಾಕಿಕೊಳ್ಳುವ ಎರಡು-ಎರಡೂವರೆ ಕಿಲೋದ ಕಾನ್ಸಂಟ್ರೇಟರ್‌ಗಳು (ಸುತ್ತಲಿನ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷೀನ್‌ಗಳು) ಸಾಮಾನ್ಯವಾಗಿ ಪಲ್ಸ್ ಮಾದರಿಯವು. ನೀವು ಉಸಿರು ಎಳೆದಾಗ ಮಾತ್ರ ಒಂದು ಗುಕ್ಕು ಆಕ್ಸಿಜನ್ ಬಿಡುತ್ತವೆ. ಅದರ ಮೇಲಿನ ‘2’ ಎಂದರೆ ನಿಮಿಷಕ್ಕೆ 2 ಲೀಟರ್ ಎಂದಲ್ಲ. ಅದು ಕಂಪನಿ ಇಟ್ಟ ನಂಬರು, ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಹಾಗಾಗಿ ಬಾಡಿಗೆಗೆ ತಂದರೂ ಹೊರಡುವ ವಾರವಿಡೀ ಅದನ್ನೇ ಬಳಸಿ ನೋಡಿ. ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕಿ ಆರು ನಿಮಿಷ ನಡೆಯಿರಿ. ಉಗುರುಬಣ್ಣವಿದ್ದರೆ, ಕೈ ತಣ್ಣಗಿದ್ದರೆ ರೀಡಿಂಗ್ ತಪ್ಪುತ್ತದೆ. ಡಾಕ್ಟರು ಹೇಳಿದ ಮಿತಿಗಿಂತ ಕೆಳಗಿಳಿದರೆ ಸೆಟ್ಟಿಂಗನ್ನು ನೀವೇ ಏರಿಸಬೇಡಿ, ಅವರಿಗೆ ಹೇಳಿ.

ನಿದ್ದೆಯ ಮಾತು ಬೇರೆ. ಬಾಯಲ್ಲಿ ಉಸಿರಾಡುವವರ, ಮೆಲ್ಲಗೆ ಉಸಿರಾಡುವವರ ಉಸಿರು ಪಲ್ಸ್ ಮಷೀನಿಗೆ ಗೊತ್ತೇ ಆಗದೆ ಹೋಗಬಹುದು. ರಾತ್ರಿಗೆ ಸತತವಾಗಿ ಹರಿಸುವ ಮಷೀನ್ ಬೇಕೇ ಎಂದು ಮೊದಲೇ ಕೇಳಿ. ಬೇಕಾದರೆ, ಹಡಗು ಹೊರಡುವ ಬಂದರಿನಲ್ಲಿ ಕ್ಯಾಬಿನ್‌ಗೇ ತಲುಪಿಸುವ ಬಾಡಿಗೆ ಏಜೆನ್ಸಿಯನ್ನು ಗೊತ್ತುಮಾಡಿಕೊಳ್ಳಿ. ಹಡಗಿನ ಆಸ್ಪತ್ರೆಯ ಆಕ್ಸಿಜನ್ ತುರ್ತಿಗಷ್ಟೇ, ದಿನಬಳಕೆಗೆ ಕೊಡುವುದಿಲ್ಲ.

3. ಬ್ಯಾಟರಿ ಲೆಕ್ಕ
ಮನೆಯಿಂದ ಏರ್‌ಪೋರ್ಟ್‌ಗೆ 2 ಗಂಟೆ, ಅಲ್ಲಿ ಕಾಯಲು 3, ಹಾರಾಟ ನಾಲ್ಕೂವರೆ. ಒಟ್ಟು ಒಂಬತ್ತೂವರೆ. ತಡವಾದರೂ ಸಾಲಲೆಂದು ಅದರ ಅರ್ಧ ಸೇರಿಸಿದರೆ ಸುಮಾರು 14 ಗಂಟೆ. ಬ್ಯಾಟರಿ 4 ಗಂಟೆ ಬಂದರೆ ನಾಲ್ಕು ಬೇಕು. ಪೆಟ್ಟಿಗೆ ಮೇಲೆ ಬರೆದ ಗಂಟೆ ಸಾಮಾನ್ಯವಾಗಿ ಅತಿ ಕಡಿಮೆ ಸೆಟ್ಟಿಂಗ್‌ನದು, ಅದೂ ಹೊಸ ಬ್ಯಾಟರಿಯದು. ನಿಮ್ಮ ಸೆಟ್ಟಿಂಗ್‌ನಲ್ಲಿ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಸೀಟಿನ ಪ್ಲಗ್ಗನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗ್‌ಗೆ ಹಾಕುವಂತಿಲ್ಲ. ತುದಿಗಳು ಲೋಹಕ್ಕೆ ತಾಗದಂತೆ ಒಂದೊಂದನ್ನೂ ಬೇರೆ ಕವರಿನಲ್ಲಿಡಿ. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್-ಅವರ್ (Wh) ಮೀರಿದ್ದರೆ ಏರ್‌ಲೈನ್ ಒಪ್ಪಿಗೆ ಬೇಕು. ಮಷೀನ್ ಒಯ್ಯುವ ವಿಷಯವನ್ನು ಏರ್‌ಲೈನ್‌ಗೆ ಕನಿಷ್ಠ 48 ಗಂಟೆ ಮೊದಲು ತಿಳಿಸಿ. ಕ್ರೂಸ್ ಕಂಪನಿಯ ವಿಶೇಷ ಅಗತ್ಯದ ಫಾರಂ ಅನ್ನು ಬುಕಿಂಗ್ ದಿನವೇ ತುಂಬಿ.

4. ಕ್ಯಾಬಿನ್ನಿನ ಕರೆಂಟು
ಹಲವು ಹಡಗುಗಳಲ್ಲಿ ಅಮೆರಿಕದ 110 ವೋಲ್ಟ್, ಯುರೋಪಿನ 220 ವೋಲ್ಟ್ ಎರಡೂ ಸಾಕೆಟ್ ಇರುತ್ತವೆ. ನಮ್ಮ ಮೂರು ಪಿನ್ ಎರಡಕ್ಕೂ ಕೂರುವುದಿಲ್ಲ. ಪೋರ್ಟಬಲ್ ಮಷೀನಿನ ಚಾರ್ಜರ್ ಮೇಲೆ ‘100-240ವಿ’ ಎಂದಿದ್ದರೆ ಪಿನ್ ಅಡಾಪ್ಟರ್ ಸಾಕು. ಮನೆಯಲ್ಲಿರುವ, ನಿಮಿಷಕ್ಕೆ 5 ಲೀಟರ್ ಕೊಡುವ ಮಷೀನ್ ಒಯ್ಯುವ ಯೋಚನೆ ಬಿಡಿ. ಹದಿನೈದು ಕಿಲೋ ಭಾರ ಹಾಗಿರಲಿ, ಅದರ ಕಂಪ್ರೆಸರ್ 50 ಹರ್ಟ್ಸ್‌ಗೆ ಮಾಡಿದ್ದು. ಹಡಗಿನ ಕರೆಂಟು ಬಹುತೇಕ 60.

ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಹಠಾತ್ ಏರಿದಾಗ ತಡೆಯುವ ಸಾಧನ) ಇರುವ ಎಕ್ಸ್‌ಟೆನ್ಷನ್ ಬಾಕ್ಸನ್ನು ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತಾರೆ. ಹಡಗಿನ ವೈರಿಂಗ್‌ನಲ್ಲಿ ನ್ಯೂಟ್ರಲ್ ಅನ್ನು ಅರ್ತ್‌ಗೆ ಜೋಡಿಸಿರುವುದಿಲ್ಲ, ಇಂಥ ಬಾಕ್ಸ್ ಬಿಸಿಯಾಗಿ ಬೆಂಕಿ ಹಿಡಿಯಬಹುದು. ಹಾಸಿಗೆ ದೂರವಾದರೆ ಕ್ಯಾಬಿನ್ ಸಿಬ್ಬಂದಿಯನ್ನೇ ವೈರ್ ಕೇಳಿ. ಇನ್ನೊಂದು ಕಿತಾಪತಿ ಬಾಗಿಲ ಬಳಿಯ ಕೀ-ಕಾರ್ಡ್ ಗೂಡಿನದು. ಕೆಲವು ಹಡಗುಗಳಲ್ಲಿ ಕಾರ್ಡ್ ತೆಗೆದು ತಿಂಡಿಗೆ ಹೋದರೆ ಪ್ಲಗ್ಗೂ ಸತ್ತಿರುತ್ತದೆ, ತಿರುಗಿ ಬಂದಾಗ ಬ್ಯಾಟರಿ ಇದ್ದಷ್ಟೇ. ಚಾರ್ಜರ್ ದೀಪ ಹತ್ತಿದ ಮೇಲೆ ಕಾರ್ಡ್ ತೆಗೆದು ಪರೀಕ್ಷಿಸಿ.

ಆಕ್ಸಿಜನ್ ಇದ್ದಲ್ಲಿ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ. ಊದುಬತ್ತಿ, ದೀಪ ಹಡಗಿನಲ್ಲಿ ಹೇಗೂ ಇಲ್ಲ. ಮೂಗು ಒಣಗಿದರೆ ವ್ಯಾಸಲೀನ್ ಬೇಡ, ಎಣ್ಣೆಯಂಶವಿಲ್ಲದ, ನೀರಿನಿಂದ ಮಾಡಿದ (ವಾಟರ್-ಬೇಸ್ಡ್) ಜೆಲ್ ಹಚ್ಚಿ. ‘ಉಸಿರು ಸಿಗುತ್ತಿಲ್ಲ’ ಎಂದು ಮಷೀನ್ ಕೂಗಿದರೆ ಮೊದಲು ಕುರ್ಚಿ ಕಾಲಿನಡಿ ಟ್ಯೂಬ್ ಸಿಕ್ಕಿದೆಯೇ ನೋಡಿ.

5. ದಡಕ್ಕೆ ಇಳಿಯುವಾಗ
ಫುಕೆಟ್‌ನಂಥ ಕಡೆ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕರೆದೊಯ್ಯುವುದುಂಟು. ಅಲೆಗೆ ದೋಣಿ ಕುಲುಕುತ್ತದೆ, ಉಪ್ಪುನೀರು ಸಿಡಿಯುತ್ತದೆ. ಗಾಳಿ ಎಳೆಯುವ ಜಾಲರಿ ಮುಚ್ಚದಂತೆ ಬ್ಯಾಗನ್ನು ಎದೆಗೆ ಒತ್ತದೆ ಹಿಡಿಯಿರಿ. ಪ್ರವಾಸ ನಾಲ್ಕು ಗಂಟೆಯದಾದರೆ ಎಂಟು ಗಂಟೆಯ ಬ್ಯಾಟರಿ ಇರಲಿ.

ಮೊದಲ ದಿನದ ಸುರಕ್ಷತಾ ಕವಾಯತಿಗೆ ಮಷೀನ್ ಹಾಕಿಕೊಂಡೇ ಹೋಗಿ. ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಮೆಟ್ಟಿಲು ಹತ್ತಲಾಗದು, ನೆರವು ಬೇಕು ಎಂದು ಅಲ್ಲಿನ ಸಿಬ್ಬಂದಿಗೆ ಅಂದೇ ಹೇಳಿ, ಕ್ಯಾಬಿನ್ ನಂಬರ್ ಬರೆಸಿಬಿಡಿ.