ಅಟ್ಟದ ಮೇಲಿನ 412 ಪ್ರತಿಗಳು

2025ರ ಜೂನ್ ಕೊನೆಯ ವಾರ. ಮಡಿಕೇರಿಯಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಅಂಥ ಒಂದು ಸಂಜೆ ಕರೆಂಟ್ ಬಂದ ಹತ್ತು ನಿಮಿಷದಲ್ಲಿ ಮೇಲ್ ತೆರೆದು ನೋಡಿದೆ. ನಾವು ಕನ್ನಡಕ್ಕೆ ತಂದಿದ್ದ ಎರಡು ವಿದೇಶಿ ಕಾದಂಬರಿಗಳ ಹಕ್ಕುದಾರರಿಂದ ಪತ್ರ ಬಂದಿತ್ತು. ಐದು ವರ್ಷದ ಅನುವಾದ ಪರವಾನಗಿ ಜೂನ್ 30ಕ್ಕೆ ಮುಗಿಯುತ್ತದೆ, ಕೈಯಲ್ಲಿರುವ ಪ್ರತಿಗಳನ್ನು ಮಾರಲು ಡಿಸೆಂಬರ್ 31ರವರೆಗೆ ಅವಕಾಶವಿದೆ, ಆಮೇಲೆ ಒಂದು ಪ್ರತಿಯನ್ನೂ ಮಾರುವಂತಿಲ್ಲ ಎಂದಿತ್ತು. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಓದಿದ್ದ ಷರತ್ತು ಇದು. ಐದು ವರ್ಷ ಅಂದರೆ ಎಷ್ಟು ದೂರ ಎಂದು ಆಗ ಅನಿಸಿತ್ತು.

ಅಟ್ಟ ಹತ್ತಿ ಎಣಿಸಿದೆ. ಎರಡೂ ಸೇರಿ 412 ಪ್ರತಿಗಳು.

ನನ್ನದು ಎರಡು ಜನರ ಪ್ರಕಾಶನ. ನಾನು ಮತ್ತು ತಮ್ಮನ ಮಗಳು. ವರ್ಷಕ್ಕೆ ಎರಡೋ ಮೂರೋ ಪುಸ್ತಕ ತರುತ್ತೇವೆ. ಕಥೆ ಹೇಳುವ ಕ್ರಮವನ್ನೇ ಬದಲಿಸಿ ನೋಡುವ ಕನ್ನಡದ ಕೃತಿಗಳು, ಜೊತೆಗೆ ಹೊರದೇಶಗಳ ಕಾದಂಬರಿಗಳು. ಒಂದೊಂದನ್ನೂ 500 ಪ್ರತಿ ಅಚ್ಚು ಹಾಕಿಸುತ್ತೇವೆ. ಆ ಎರಡು ಕಾದಂಬರಿಗಳಲ್ಲಿ ಒಂದು ಪೂರ್ವ ಯುರೋಪಿನದು, ಅದರಲ್ಲಿ ವಾಕ್ಯಗಳು ಸ್ವಲ್ಪ ಸ್ವಲ್ಪ ಬದಲಾಗುತ್ತ ಮತ್ತೆ ಮತ್ತೆ ಬರುತ್ತವೆ. ಇನ್ನೊಂದು ಲ್ಯಾಟಿನ್ ಅಮೆರಿಕದ್ದು, ಅಧ್ಯಾಯಗಳಿಗೆ ಸಂಖ್ಯೆಯೇ ಇಲ್ಲ. ಎರಡನ್ನೂ ಪ್ರೀತಿಯಿಂದ ತಂದದ್ದು. 2020ರಲ್ಲಿ ಅಚ್ಚಾಗಿ ಬಂದಾಗ ಬಿಡುಗಡೆ ಮಾಡಲು ಸಭಾಂಗಣವೂ ತೆರೆದಿರಲಿಲ್ಲ, ಪುಸ್ತಕದಂಗಡಿಯೂ ತೆರೆದಿರಲಿಲ್ಲ. ಆ ಪೆಟ್ಟಿನಿಂದ ಅವು ಮೇಲೇಳಲಿಲ್ಲ.

ರಿಯಾಯಿತಿ ಮಾರಾಟಕ್ಕೆ ಮೊದಲು ಕೈ ಹಾಕಿದ್ದು ಆಗಸ್ಟಿನಲ್ಲಿ, ಹೆದರಿಕೊಂಡು. ಅರ್ಧ ಬೆಲೆ ಎಂದು ಬರೆದು ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ. ಮೂರು ವಾರದಲ್ಲಿ ಹೋದದ್ದು 23 ಪ್ರತಿ. ಪರಿಚಯದ ಅಧ್ಯಾಪಕರೊಬ್ಬರು ಫೋನ್ ಮಾಡಿ, "ಪುಸ್ತಕ ಏನಾದರೂ ನೆನೆದಿದೆಯಾ ಮೇಡಂ?" ಎಂದು ಕೇಳಿದರು. ಅರ್ಧ ಬೆಲೆ ಅಂದಾಗ ಓದುಗರಿಗೆ ಬಂದದ್ದು ಅನುಮಾನ. ಅವರು ಕೇಳದೆ ಇದ್ದಿದ್ದರೆ ನಾನು ಬೆಲೆಯನ್ನು ಇನ್ನೂ ಇಳಿಸುತ್ತಿದ್ದೆನೇನೋ.

ನೆನೆದ ಪ್ರತಿಗಳೂ ಇದ್ದವು, ಅದನ್ನು ಮುಚ್ಚಿಡುವುದಿಲ್ಲ. ಕೊಡಗಿನಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಒಂದು ಕೆಲಸ. ನಮ್ಮದು ಹಳೆಯ ಹೆಂಚಿನ ಮನೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಅಜ್ಜಿ ಏಲಕ್ಕಿ, ಮೆಣಸು ಇಡುತ್ತಿದ್ದರು. ಕೆಳಗಿನ ಸೌದೆ ಒಲೆಯ ಬಿಸಿಗೆ ಅಲ್ಲಿ ತೇವ ನಿಲ್ಲುವುದಿಲ್ಲ. ಅದಕ್ಕೇ ಪುಸ್ತಕಗಳನ್ನೂ ಅಲ್ಲಿಗೇ ಏರಿಸಿದ್ದೆ. ನಾನು ಮಾಡಿದ ತಪ್ಪು, ಬಂಡಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಟೇಪು ಹಚ್ಚಿದ್ದು. ಕಾಗದದೊಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಬೂಷ್ಟು ಹಿಡಿಯಿತು. ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಟ್ಟ ಬಂಡಲುಗಳಿಗೆ ಏನೂ ಆಗಿರಲಿಲ್ಲ. ಇನ್ನೊಂದು ತೊಂದರೆ ಮುಖಪುಟದ್ದು. ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿದ ಹೊದಿಕೆಯಲ್ಲಿ ಒಳಬದಿಯ ಕಾಗದ ತೇವ ಹೀರಿ ಹಿಗ್ಗುತ್ತದೆ, ಹೊರಬದಿಯ ಪದರ ಹಿಗ್ಗುವುದಿಲ್ಲ. ಹಾಗಾಗಿ ಮುಖಪುಟ ಮೇಲಕ್ಕೆ ಸುರುಳಿ ಏಳುತ್ತದೆ. ಅಂಥವನ್ನು ಒಣ ಹವೆ ಬಂದ ಮೇಲೆ ಭಾರ ಹೇರಿ ವಾರಗಟ್ಟಲೆ ಇಟ್ಟರೆ ಬಹುಮಟ್ಟಿಗೆ ಸರಿಹೋಗುತ್ತವೆ.

ಅಕ್ಟೋಬರಿನಲ್ಲಿ ಬಿಸಿಲು ಕಂಡ ಮೇಲೆ ಎಲ್ಲವನ್ನೂ ಜಗಲಿಗೆ ಇಳಿಸಿದೆವು. ಮೊದಲು ನೆರಳಿನ ಗಾಳಿಗೆ ಒಣಗಿಸಿ, ಆಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಬೂಷ್ಟು ಉದುರಿಸಿದೆವು. ಒದ್ದೆ ಇರುವಾಗಲೇ ಒರೆಸಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಸುಡುಬಿಸಿಲಿಗೆ ಹರಡಿದರೆ ಬೆನ್ನಿನ ಅಂಟು ಬಿರುಕು ಬಿಟ್ಟು ಹಾಳೆ ಕಳಚುತ್ತದೆ. ಕಲೆ ಉಳಿದ 46 ಪ್ರತಿಗಳನ್ನು ಬೇರೆ ಇಟ್ಟೆ. 343 ಚೆನ್ನಾಗಿದ್ದವು.

ಆಮೇಲೆ ಲೆಕ್ಕದ ಪುಸ್ತಕ ಹಿಡಿದು ಕೂತೆ. ಇಷ್ಟು ವರ್ಷ ಪ್ರಕಾಶನ ನಡೆಸಿಯೂ ನಾನು ಸರಿಯಾಗಿ ಮಾಡಿರದ ಲೆಕ್ಕ ಅದು. ಪುಸ್ತಕದ ಮುಖಬೆಲೆ 300 ರೂಪಾಯಿ. ಅಚ್ಚಿನ ಖರ್ಚು ಪ್ರತಿಗೆ 88. ಮೂಲ ಹಕ್ಕುದಾರರಿಗೂ ಅನುವಾದಕರಿಗೂ ಸೇರಿ ಗೌರವಧನ ಮುಖಬೆಲೆಯ ಶೇಕಡಾ 15, ಅಂದರೆ 45. ವಿತರಕರ ಮೂಲಕ ಮಾರಿದರೆ ಅವರು ಅರ್ಧ ಹಿಡಿಯುತ್ತಾರೆ, ನಮಗೆ ಬರುವುದು 150. ಖರ್ಚು ಕಳೆದು ಉಳಿಯುವುದು 17 ರೂಪಾಯಿ. ಅದರಲ್ಲೇ ಪಾರ್ಸೆಲ್ ಬಾಡಿಗೆ. ಕೊಡಗಿಗೆ ರೈಲು ಇಲ್ಲ. ಬಂಡಲು ಬಸ್ಸಿಗೋ ಲಾರಿಗೋ ಹಾಕಿ ಮೈಸೂರು ದಾಟಿಸಬೇಕು. ಆ ಹಣವೂ ತಿಂಗಳುಗಟ್ಟಲೆ ಕಾದ ಮೇಲೆ. ಒಬ್ಬ ವಿತರಕರಂತೂ ಎರಡು ವರ್ಷ ಇಟ್ಟುಕೊಂಡು ಮೂಲೆ ಮಡಚಿದ ಪ್ರತಿಗಳನ್ನು ವಾಪಸು ಕಳಿಸಿದ್ದರು.

ಅದೇ ಪುಸ್ತಕವನ್ನು ನಾನೇ ಶೇಕಡಾ 40 ರಿಯಾಯಿತಿಯಲ್ಲಿ ಓದುಗರ ಕೈಗೆ ಕೊಟ್ಟರೆ 180 ಬರುತ್ತದೆ, ಅಲ್ಲೇ, ಆಗಲೇ. ಖರ್ಚು ಕಳೆದು 47 ಉಳಿಯುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೊಂದು ನೆಮ್ಮದಿ. ರಿಯಾಯಿತಿ ಅಂದರೆ ನಷ್ಟ ಎಂದು ನಂಬಿಕೊಂಡಿದ್ದ ನಾನು ಆ ರಾತ್ರಿ ಮೂರು ಸಲ ಕೂಡಿ ಕಳೆದು ನೋಡಿದೆ.

ಗೌರವಧನದ ಬಗ್ಗೆ ಒಂದು ಮಾತು. ರಿಯಾಯಿತಿಯಲ್ಲಿ ಮಾರಿದಾಗ ಬಂದ ಹಣದ ಮೇಲಷ್ಟೇ ಗೌರವಧನ ಕೊಡಬಹುದು ಎಂದು ನಮ್ಮ ಒಪ್ಪಂದದಲ್ಲಿತ್ತು. ನಾನು ಮುಖಬೆಲೆಯ ಮೇಲೆಯೇ ಕೊಟ್ಟೆ. ಒಂದೇ ವಾಕ್ಯವನ್ನು ಹತ್ತು ಕಡೆ ಹತ್ತು ಬಗೆಯಲ್ಲಿ ಕನ್ನಡಕ್ಕೆ ತಿರುಗಿಸಿದವರ ದುಡಿಮೆ ನನ್ನ ರಿಯಾಯಿತಿಯಿಂದ ಕಡಿಮೆಯಾಗುವುದಿಲ್ಲ. ಅಂಗಡಿಗಳ ಮಾತೂ ಅಷ್ಟೇ ಮುಖ್ಯ. ನಮ್ಮ ಪುಸ್ತಕ ಇಟ್ಟುಕೊಂಡಿದ್ದ ಆರು ಅಂಗಡಿಯವರಿಗೆ ಮೊದಲೇ ಫೋನ್ ಮಾಡಿ, ಅವರಲ್ಲಿ ಉಳಿದ ಪ್ರತಿಗಳಿಗೂ ಅದೇ ಬೆಲೆ ಹಾಕಿ, ವ್ಯತ್ಯಾಸವನ್ನು ಅವರು ನಮಗೆ ಕೊಡಬೇಕಾದ ಹಣದಿಂದ ಕಳೆದೆ. ಹೇಳದೆ ಮಾರಿದ್ದರೆ ಅವರು ಮುಂದಿನ ಪುಸ್ತಕಕ್ಕೆ ಬಾಗಿಲು ತೆರೆಯುತ್ತಿರಲಿಲ್ಲ.

ಯಾವಾಗ ಮಾರುವುದು? ನವೆಂಬರಿನಲ್ಲಿ ರಾಜ್ಯೋತ್ಸವದ ರಿಯಾಯಿತಿಗಳು ಎಲ್ಲೆಡೆ ಇರುತ್ತವೆ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳ ಎದುರು ನಮ್ಮ ಬೆಲೆ ನಿಲ್ಲುವುದಿಲ್ಲ. ಕೊಡಗಿನ ಸುಗ್ಗಿಹಬ್ಬ ಪುತ್ತರಿ ಮುಗಿಯುವವರೆಗೆ ಊರಿನವರ ಮನಸ್ಸು ಅದರಲ್ಲೇ. ಜನವರಿಗೆ ಹೋದರೆ ಮಾರುವ ಅವಕಾಶವೇ ಮುಗಿದಿರುತ್ತದೆ. ಹಾಗಾಗಿ ಡಿಸೆಂಬರ್ 12ರ ಶುಕ್ರವಾರದಿಂದ ಹತ್ತು ದಿನ ಎಂದು ಗೊತ್ತುಮಾಡಿದೆ. ಶುಕ್ರವಾರ ಮಡಿಕೇರಿ ಸಂತೆ. ಸುತ್ತಲಿನ ಊರುಗಳಿಂದ ಜನ ಇಳಿಯುತ್ತಾರೆ. ಸಂತೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮುಚ್ಚಿದ್ದ ಒಂದು ಕಾಫಿಪುಡಿ ಅಂಗಡಿಯನ್ನು ಹತ್ತು ದಿನಕ್ಕೆ ಬಾಡಿಗೆ ಹಿಡಿದೆವು. 'ಶಕ್ತಿ' ಪತ್ರಿಕೆಯಲ್ಲಿ ಎರಡು ದಿನ ಸಣ್ಣ ಜಾಹೀರಾತು ಹಾಕಿಸಿದೆವು.

ಬೆಲೆಯನ್ನು ಎಲ್ಲದಕ್ಕೂ ಒಂದೇ ಸಮ ಇಳಿಸಲಿಲ್ಲ. ಪರವಾನಗಿ ಮುಗಿದ ಎರಡಕ್ಕೆ ಶೇಕಡಾ 40. ಕಾರಣವನ್ನು ಬೋರ್ಡಿನಲ್ಲೇ ಬರೆದೆವು: "ಡಿಸೆಂಬರ್ 31ರ ನಂತರ ಈ ಪುಸ್ತಕಗಳನ್ನು ನಾವು ಮಾರುವಂತಿಲ್ಲ." ಕನ್ನಡದ ನಮ್ಮ ಮೂರು ಕೃತಿಗಳಿಗೆ ಶೇಕಡಾ 25. ಆ ವರ್ಷದ ಹೊಸ ಪುಸ್ತಕಕ್ಕೆ ರಿಯಾಯಿತಿ ಇಲ್ಲ. ಕಲೆ ಬಿದ್ದ 46 ಪ್ರತಿಗಳಿಗೆ ಬೇರೆ ಮೇಜು, 120 ರೂಪಾಯಿ, ಕಲೆ ಇರುವ ಪುಟ ತೆರೆದು ತೋರಿಸಿಯೇ ಮಾರಾಟ. ಆಗಸ್ಟಿನ ಅನುಮಾನ ಆ ಬೋರ್ಡಿನ ಮುಂದೆ ಯಾರಿಗೂ ಬರಲಿಲ್ಲ.

ಮೇಜಿನ ಮೇಲೆ ಅನುವಾದಕರ ಹೆಸರನ್ನು ಲೇಖಕರ ಹೆಸರಿನಷ್ಟೇ ದಪ್ಪವಾಗಿ ಬರೆಸಿದೆ. ಆ ವರ್ಷ ಮಡಿಕೇರಿಯಲ್ಲಿ ಅದಕ್ಕೆ ಒಂದು ಅರ್ಥವಿತ್ತು. 2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂದಿತ್ತು, ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. 50,000 ಪೌಂಡ್ ಬಹುಮಾನ ಇಬ್ಬರಿಗೂ ಸಮಪಾಲು. ಬ್ರಿಟನ್ನಿನಲ್ಲಿ ಆ ಪುಸ್ತಕ ಹೊರತಂದದ್ದು ಶೆಫೀಲ್ಡಿನ ಒಂದು ಸಣ್ಣ ಪ್ರಕಾಶನ ಎಂಬುದು ನನ್ನಂಥವಳಿಗೆ ಕೊಟ್ಟ ಧೈರ್ಯ ದೊಡ್ಡದು. ಅಂಗಡಿಗೆ ಬಂದವರಲ್ಲಿ ಅನೇಕರು, "ಇದನ್ನು ಯಾರು ಅನುವಾದ ಮಾಡಿದ್ದು?" ಎಂದು ಮೊದಲು ಕೇಳಿದರು. ಹಿಂದೆ ಆ ಪ್ರಶ್ನೆ ಕೇಳಿದ ನೆನಪೇ ನನಗಿಲ್ಲ.

ಆದರೂ ಮೊದಲ ದಿನ ಮಧ್ಯಾಹ್ನದವರೆಗೆ ಹೋದದ್ದು ಒಂಬತ್ತೇ ಪ್ರತಿ. ಜನ ಬರುತ್ತಾರೆ, ಪುಸ್ತಕ ಎತ್ತಿ ಹಿಂಬದಿ ಓದುತ್ತಾರೆ, ಇಡುತ್ತಾರೆ. ಹಿಂಬದಿಯಲ್ಲಿ ನಾನೇ ಬರೆದಿದ್ದ ಸಾಲುಗಳು: 'ನಿರೂಪಣೆಯ ಚೌಕಟ್ಟನ್ನು ಮುರಿಯುವ', 'ಪ್ರಜ್ಞೆಯ ಪದರಗಳನ್ನು ಶೋಧಿಸುವ'. ಸಂತೆಯ ಚೀಲ ಹಿಡಿದು ನಿಂತವರಿಗೆ ಆ ಸಾಲುಗಳಿಂದ ಏನು ತಿಳಿಯಬೇಕು?

ತಮ್ಮನ ಮಗಳು, "ಅತ್ತೆ, ಕುರ್ಚಿ ಹಾಕೋಣ. ಕೂತು ನಾಲ್ಕು ಪುಟ ಓದಲಿ" ಎಂದಳು. ಪಕ್ಕದ ಹೋಟೆಲಿನಿಂದ ನಾಲ್ಕು ಕುರ್ಚಿ, ಒಂದು ಬೆಂಚು, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ಬಂದವು. ಎರಡೂ ಕಾದಂಬರಿಗಳಿಂದ ನಾಲ್ಕು ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಇಟ್ಟೆವು. ಮೊದಲ ಪುಟಗಳನ್ನಲ್ಲ, ಓದುಗರು ಸಿಕ್ಕಿಬೀಳುವ ಜಾಗ ಎಂದು ನಮಗೆ ಅನಿಸಿದ ನಡುವಿನ ಪುಟಗಳನ್ನು.

ಸಂಜೆ ವಯಸ್ಸಾದವರೊಬ್ಬರು ಬಂದು ಕೂತರು. ಕನ್ನಡಕ ಏರಿಸಿ ಪೂರ್ವ ಯುರೋಪಿನ ಕಾದಂಬರಿಯ ಹಾಳೆ ಓದುತ್ತಿದ್ದವರು ನನ್ನನ್ನು ಕರೆದರು. "ಏನಮ್ಮಾ, ಒಂದೇ ಸಾಲು ಎರಡೆರಡು ಸಲ ಉಂಟಲ್ಲ? ಪ್ರೆಸ್ಸಿನವರ ತಪ್ಪಾ?"

"ಇಲ್ಲ ಅಂಕಲ್, ಬರೆದದ್ದೇ ಹಾಗೆ. ಎರಡನೇ ಸಲ ಬರುವಾಗ ಸ್ವಲ್ಪ ಬದಲಾಗಿರ್ತದೆ, ನೋಡಿ."

ಅವರು ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಓದತೊಡಗಿದರು. ಒಂದು ಪುಟ ಮುಗಿಸಿ ತಲೆ ಎತ್ತಿ, "ಇದು ನಮ್ಮ ದುಡಿಕೊಟ್ಟ್ ಪಾಟ್ ಹಾಗೇ ಆಯ್ತಲ್ಲ. ದುಡಿ ಬಾರಿಸಿಕೊಂಡು ಇಬ್ಬರು ಹಾಡ್ತಾರೆ, ಉಳಿದಿಬ್ಬರು ಅದನ್ನೇ ತಿರುಗಿ ಹಾಡ್ತಾರೆ. ಎರಡನೇ ಸಲ ಕೇಳುವಾಗಲೇ ಅದು ಒಳಗೆ ಇಳಿಯೋದು" ಎಂದರು. ಒಂದು ಪ್ರತಿ ಕೊಂಡರು, ಚಿಲ್ಲರೆ ಎಣಿಸಿ ಕೊಟ್ಟು ಹೊರಟರು.

ನಾನು ಸುಮ್ಮನೆ ನಿಂತಿದ್ದೆ. ಐದು ವರ್ಷ ಆ ಕಾದಂಬರಿಯನ್ನು ಕಷ್ಟದ ಪುಸ್ತಕ ಎಂದುಕೊಂಡೇ ಮಾರಿದವಳು ನಾನು. ಮುನ್ನುಡಿಯಲ್ಲಿ ಯುರೋಪಿನ ಪಂಥಗಳ ಹೆಸರನ್ನೆಲ್ಲ ಬರೆದಿದ್ದೆ. ಪುತ್ತರಿಯಲ್ಲಿ ಮನೆ ಮನೆಗೆ ಬರುವ ದುಡಿಯ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದನ್ನೂ ಇದನ್ನೂ ಒಟ್ಟಿಗಿಟ್ಟು ನೋಡಲು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಳೆಯ ಚೀಟಿ ತೆಗೆದು ಹೊಸದು ಬರೆದೆವು: "ದುಡಿಕೊಟ್ಟ್ ಪಾಟ್ ಕೇಳಿದ್ದೀರಾ? ಈ ಕಾದಂಬರಿ ಹಾಗೆ ನಡೆಯುತ್ತದೆ. ಸಾಲುಗಳು ಮರಳಿ ಬರುತ್ತವೆ, ಬರುವಾಗ ಬೇರೆಯಾಗಿರುತ್ತವೆ. ಗಟ್ಟಿಯಾಗಿ ಓದಿ ನೋಡಿ." ಇನ್ನೊಂದಕ್ಕೆ: "ಇಲ್ಲಿ ಅಧ್ಯಾಯಗಳಿಗೆ ಸಂಖ್ಯೆ ಇಲ್ಲ. ಮನೆಯ ಹಿರಿಯರು ಹಳೆಯ ಮಾತು ಹೇಳುವಾಗ ಎಲ್ಲಿಂದಲೋ ಶುರುಮಾಡುತ್ತಾರಲ್ಲ, ಹಾಗೆ." ಅಂದಿನಿಂದ ಕುರ್ಚಿಗಳು ಖಾಲಿ ಉಳಿಯಲಿಲ್ಲ. ಕಾಲೇಜಿನ ಹುಡುಗಿಯರು ಸರದಿಯಲ್ಲಿ ಒಬ್ಬರಿಗೊಬ್ಬರು ಓದಿದರು. ಬೆಂಗಳೂರಿನಿಂದ ಹೋಂಸ್ಟೇಗೆ ಬಂದವರು ಕಾಫಿಪುಡಿ ಅಂಗಡಿ ಎಂದುಕೊಂಡು ಒಳಗೆ ಬಂದು ಪುಸ್ತಕ ಕೊಂಡು ಹೋದರು.

ಹತ್ತು ದಿನದಲ್ಲಿ ಚೆನ್ನಾಗಿದ್ದ ಪ್ರತಿಗಳಲ್ಲಿ 268, ಕಲೆಯವುಗಳಲ್ಲಿ 38 ಹೋದವು. ಕೂತು ಓದಿದವರಲ್ಲಿ ಹೆಚ್ಚಿನವರು ಕೊಂಡರು. ಬೆಲೆ ಮಾತ್ರ ನೋಡಿದವರಲ್ಲಿ ಹೆಚ್ಚಿನವರು ಕೊಳ್ಳಲಿಲ್ಲ. ಅರ್ಧ ಬೆಲೆಗೆ ಹೋಗದ ಪುಸ್ತಕ ಅದಕ್ಕಿಂತ 30 ರೂಪಾಯಿ ಹೆಚ್ಚಿಗೆ ಹೋಯಿತು. ನನ್ನಂಥ ಪ್ರಕಾಶಕರು ಯಾರಾದರೂ ಕೇಳಿದರೆ ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ: ಬೋರ್ಡು ಬರೆಸುವ ಮೊದಲು ಕುರ್ಚಿ ತನ್ನಿ.

ಅಂಗಡಿ ಮುಚ್ಚಿದ ಮೇಲೆ ಅಂಚೆಯಲ್ಲಿ 52 ಪ್ರತಿಗಳಿಗೆ ಬೇಡಿಕೆ ಬಂತು. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿ 'ಜ್ಞಾನ ಪೋಸ್ಟ್' ತಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100, ತೆರಿಗೆ ಬೇರೆ. ನೆಲದ ದಾರಿಯಲ್ಲಿ ಹೋಗುವುದರಿಂದ ತಡವಾಗುತ್ತದೆ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ತುಂಬಿದ ಪ್ರಕಟಣೆಗೆ ಈ ದರ ಇಲ್ಲ. ಅದಕ್ಕೇ ನಮ್ಮ ಬೆಲೆಪಟ್ಟಿಯನ್ನು ಪ್ಯಾಕೆಟ್ಟಿನೊಳಗೆ ಹಾಕಲಿಲ್ಲ. ಮೊದಲು ಒಂದು ಪ್ರತಿ ಒಯ್ದು ಕೌಂಟರಿನಲ್ಲಿ ತೋರಿಸಿ ಕೇಳಿಕೊಂಡು ಬರುವುದು ಒಳ್ಳೆಯದು.

ಕೊನೆಗೆ ಚೆನ್ನಾಗಿದ್ದ 23 ಪ್ರತಿ ಉಳಿದವು. ಹಕ್ಕುದಾರರಿಗೆ ಬರೆದು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಉಚಿತವಾಗಿ ಕೊಡಬಹುದೇ ಎಂದು ಕೇಳಿದೆ. ಎರಡೇ ದಿನದಲ್ಲಿ ಒಪ್ಪಿಗೆ ಬಂತು. ಹೊಸ ವರ್ಷದ ಮೊದಲ ವಾರ ಬಸ್ಸಿನಲ್ಲಿ ಹೋಗಿ ನಾವೇ ತಲುಪಿಸಿ ಬಂದೆವು.

ಜನವರಿಯ ಒಂದು ಭಾನುವಾರ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರು ಮನೆ ಹುಡುಕಿಕೊಂಡು ಬಂದರು. ಮಾರಾಟದಲ್ಲಿ ಕಲೆಯ ಮೇಜಿನಿಂದ ಲ್ಯಾಟಿನ್ ಅಮೆರಿಕದ ಕಾದಂಬರಿ ಕೊಂಡಿದ್ದವರು. ರಾತ್ರಿ ಲೆಕ್ಕ ಬರೆದ ಮೇಲೆ ದಿನಕ್ಕೊಂದು ಅಧ್ಯಾಯ, ಎಲ್ಲಿ ತೆರೆಯುತ್ತದೋ ಅಲ್ಲಿಂದ ಓದಿದರಂತೆ.

"ಇನ್ನೊಂದು ಪುಸ್ತಕ ಇತ್ತಲ್ಲ ಅಕ್ಕ, ದುಡಿಯದು. ಅದು ಸಿಗ್ತದಾ?"

"ಈಗ ಮಾರುವ ಹಾಗಿಲ್ಲ ಅಣ್ಣ, ಅವಧಿ ಮುಗಿದಿದೆ."

ಅವರ ಮುಖ ಸಣ್ಣದಾಯಿತು. ಒಳಗೆ ಹೋಗಿ ನನ್ನ ಸ್ವಂತ ಪ್ರತಿ ತಂದುಕೊಟ್ಟೆ. ಅಂಚಿನ ತುಂಬ ನನ್ನ ಪೆನ್ಸಿಲ್ ಗುರುತುಗಳಿದ್ದವು. ಅವರು ಪುಟ ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡರು. ರೊಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ತರುತ್ತೇನೆ ಎಂದಿದ್ದಾರೆ.